ಪಿಸುಮಾತಿನ ರಾಕ್ಷಸ

ಏಪ್ರಿಲ್ 6, ಭಾನುವಾರ
ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಮಹಡಿ ಮೇಲೆ ನಿಂತು ಸ್ವರ ತೆಗೆದೆ. ಎದುರುಮನೆಯ ನಾಯಿ ಎಂದಿನಂತೆ ಕಾರಿನಡಿ ನುಸುಳಿತು. ತುಮಕೂರಿನ ಸದಾಶಿವನಗರಕ್ಕೆ ಬೆಳಗಾಯಿತು.

ತಿಂಡಿಯ ಹೊತ್ತಿಗೆ ಸೊಸೆ ಮಾನಸಾ ಫೋನ್ ಹಿಡಿದು ಬಂದಳು. ನಾಗರಹೊಳೆ ಕಾಡಿನ ಅಂಚಿನಲ್ಲಿ ಕ್ಯಾಂಪು, ಬುಕ್ ಆಗಿದೆ. ಟೆಂಟು ನಾವೇ ಒಯ್ಯಬೇಕು. ಮೊಮ್ಮಗಳು ಇಂಪನಾ ಕುಣಿದಳು. ನಾನು "ಭಲೇ" ಎಂದೆ, ಅಷ್ಟೇ. ಹೆಂಡತಿ ಭದ್ರಮ್ಮನ ಕೈಯ ಸೌಟು ಸಾಂಬಾರಿಗೆ ಬಿತ್ತು.

ಮಾನಸಾ ಮೆಲ್ಲಗೆ, "ಮಾವ, ಅಲ್ಲೊಂದು ರೂಲ್ ಇದೆ. ಸಂಜೆ ಮೇಲೆ ಯಾರೂ ಜೋರಾಗಿ ಮಾತಾಡಂಗಿಲ್ಲ. ಮಾತಾಡಿದ್ರೆ ಎಲ್ಲರನ್ನೂ ವಾಪಸ್ ಕಳಿಸ್ತಾರೆ."

ಭದ್ರಮ್ಮ: "ಇವ್ರನ್ನ ಮನೇಲೇ ಬುಟ್ಟು ಹೋಗಾಣ ಕಣಮ್ಮ. ಆನೆಗಳೂ ಬದುಕ್ಕಳ್ಲಿ."

ಮಗ ಸಂತೋಷ್ ದೋಸೆಯಿಂದ ತಲೆ ಎತ್ತಲಿಲ್ಲ. ಪ್ರೇಕ್ಷಕನಾಗಿಯೇ ಹುಟ್ಟಿದವನು.

ಏಪ್ರಿಲ್ 8
ಮಾನಸಾಳ ತೀರ್ಪು ಬಂತು. ಶನಿವಾರ ಚೇಳೂರಿನಲ್ಲಿ, ನನ್ನ ತಮ್ಮ ಚಿಕ್ಕರಂಗಯ್ಯನ ತೋಟದಲ್ಲಿ ಟ್ರಯಲ್. ಟೆಂಟಿನಲ್ಲಿ ಕೂತು ಇಂಪನಾಗೆ ಒಂದು ಕಥೆ ಪೂರ್ತಿ ಹೇಳಬೇಕು. ಪಂಪ್‌ಹೌಸ್ ಕಟ್ಟೆಯ ಮೇಲೆ ಕೂತ ಮಾನಸಾಗೆ ಕೇಳಿಸಬಾರದು. ಕೇಳಿಸಿದರೆ ಅವರು ಕಾಡಿಗೆ, ನಾನು ಮನೆಗೆ.

ಮೈಕಿಲ್ಲದ ಕಾಲದಿಂದ ರಾಕ್ಷಸನ ಪಾರ್ಟು ಮಾಡಿದವನಿಗೆ ಈ ಗತಿ. ಕಟ್ಟಕಡೆಗೆ ಕೂತ ಕಿವುಡಜ್ಜಿಗೂ ಮುಟ್ಟಬೇಕು ಅಂತ ನಾಟಕದ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದರು. ಮೆಲ್ಲಗೆ ಮಾತಾಡುವುದನ್ನು ಯಾರು ಕಲಿಸಿದರು?

ಬಾತ್‌ರೂಮಿನಲ್ಲಿ ಪ್ರಾಕ್ಟೀಸ್. ಹೊರಗಿನಿಂದ ಭದ್ರಮ್ಮ: "ಯಾರ್ ಜೊತೆ ಜಗಳ?"

ಏಪ್ರಿಲ್ 11
ಮಾನಸಾ ಆರ್ಡರ್ ಮಾಡಿದ ಟೆಂಟು ಇನ್ನೂ ಬಂದಿಲ್ಲ. ಟ್ರಯಲ್ ನಿಲ್ಲಬಾರದು... ಗುಬ್ಬಿಗೆ ಹೋದೆ. ನಾಟಕದ ಸೀನರಿ ಬಾಡಿಗೆಗೆ ಕೊಡುವ ಪುಟ್ಟರಂಗಯ್ಯನ ಬಳಿ, ಟೆಂಟಿನ ಬದಲು ಕಟ್ಟಲು ಕಾಡಿನ ಪರದೆ ಕೇಳಿದೆ.

"ಕಾಡು ಕುಣಿಗಲ್ ಕಡೆ ಹೋಗೈತೆ ಸ್ವಾಮಿ. ದರ್ಬಾರ್ ಐತೆ, ತಗಂಡೋಗಿ."

ತಂದೆ. ಕಂಬ, ಸಿಂಹಾಸನ, ಎರಡು ನವಿಲು. ಮಲಗಿದರೆ ಇಂಥ ಟೆಂಟಿನಲ್ಲಿ ಮಲಗಬೇಕು.

ಏಪ್ರಿಲ್ 13, ಭಾನುವಾರ
ನಿನ್ನೆಯದನ್ನು ಬರೆಯಲೇಬೇಕು.

ಎರಡು ತೆಂಗಿನ ಮರಕ್ಕೆ ಹಗ್ಗ ಬಿಗಿದು ಪರದೆ ಇಳಿಬಿಟ್ಟೆ. ದರ್ಬಾರು ರಸ್ತೆ ಕಡೆಗೆ ತಿರುಗಿತು. ಮರೆತದ್ದು ಒಂದೇ — ನಮ್ಮ ಕಡೆ ಪರದೆ ಕಟ್ಟಿದರೆ ನಾಟಕ ಅಂತಲೇ ಲೆಕ್ಕ, ಯಾರೂ ಕರೆಯಬೇಕಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಊರವರು ಚಾಪೆ ಹಿಡಿದು ಬಂದು ಕೂತರು. ಕಡಲೆಕಾಯಿ ಮಾರುವವನೂ ಬಂದ. ನನ್ನ ನಾಟಕಗಳಿಗೆ ನುಡಿಸುತ್ತಿದ್ದ ಜುಂಜಪ್ಪ ಹಾರ್ಮೋನಿಯಂ ಹೊತ್ತು ತಂದು, ಕೇಳದೆಯೇ ಶ್ರುತಿ ಹಿಡಿದ.

ನನ್ನ ಶ್ರುತಿ. ಸ್ವರ ಹೊಟ್ಟೆಯಿಂದ ಎದ್ದಿತು, ಎದೆಗೆ ಬಂತು, ಗಂಟಲಿಗೆ ಬಂತು... ಪಂಪ್‌ಹೌಸ್ ಕಟ್ಟೆಯ ಮೇಲೆ ಮಾನಸಾ. ಪರದೆಯ ಮುಂದೆ ಕೂತ ನನ್ನ ತೊಡೆಯ ಮೇಲೆ ಇಂಪನಾ, ನನ್ನ ಬಾಯಿಗೆ ಅಂಗೈ ಅಡ್ಡ: "ತಾತ, ಆನೆ."

ನುಂಗಿದೆ. ಪಿಸುಗುಟ್ಟಿದೆ. ಹಸಿದ ರಾಕ್ಷಸ ಗುಹೆಯಿಂದ ಹಳ್ಳಿಗೆ ಬರುತ್ತಾನೆ. ಮುದ್ದೆ ಕೇಳುತ್ತಾನೆ. ಒಬ್ಬ ಮುದುಕಿ ಷರತ್ತು ಹಾಕುತ್ತಾಳೆ...

ಜುಂಜಪ್ಪ: "ಏನ್ಲಾ ಸಿದ್ದಗಂಗ, ಗಂಟ್ಲು ಕಟ್ಟೋಯ್ತಾ?"

ಹಿಂದಿನಿಂದ ಯಾರೋ: "ಮುದ್ದೆ ತಿಂದ್ಮೇಲಾದ್ರೂ ಜೋರಾಗ್ ಹೇಳ್ತಾನೆ, ಸುಮ್ಕಿರು."

ಹೇಳಲಿಲ್ಲ. ಅವರೇ ಚಾಪೆ ಎಳೆದುಕೊಂಡು ಹತ್ತಿರ ಬಂದರು. ಇನ್ನೂ ಹತ್ತಿರ. ಹಾರ್ಮೋನಿಯಂ ನಿಂತಿತು. ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಇಷ್ಟು ಕಿವಿಗೊಟ್ಟ ಸಭೆ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಮುಗಿದ ಮೇಲೆ ಮಾನಸಾ ಬಂದಳು. "ಒಂದಕ್ಷರ ಕೇಳಿಸ್ಲಿಲ್ಲ ಮಾವ. ಬನ್ನಿ ನೀವೂ."

ಗೆದ್ದೆ. ಅವಳ ಮುಖ ಮಾತ್ರ ಯಾಕೋ ಊದಿಕೊಂಡಿತ್ತು.

ಏಪ್ರಿಲ್ 18, ಶುಕ್ರವಾರ. ಕುಣಿಗಲ್
ಟೀಗೆ ನಿಂತಿದ್ದೇವೆ. ತುಮಕೂರಿನಿಂದ ಇಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಸನ್ಯಾಸಿಯ ಹಾಗೆ ಕೂತಿದ್ದೆ. ಜ್ವರವೇನೋ ಅಂತ ಭದ್ರಮ್ಮ ಹಣೆ ಮುಟ್ಟಿ ನೋಡಿದಳು.

ಮಾನಸಾ ಲೋಟ ಕೆಳಗಿಟ್ಟು, "ಮಾವ... ಆ ಮುದುಕಿ ಏನ್ ಷರತ್ತು ಹಾಕಿದ್ಳು? ಇಡೀ ಚೇಳೂರಿಗೆ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಇವಳನ್ನ ಕೇಳಿದ್ರೆ, ತಾತನ ಬಾಯಲ್ಲೇ ಕೇಳು ಅಂತಾಳೆ."

"ಕಾಡಿಗೆ ಹೋದ್ಮೇಲೆ ಮೆಲ್ಲಗೆ ಹೇಳ್ತೀನಿ ಬಿಡಮ್ಮ."

"ಬೇಡ, ಈಗ್ಲೇ. ಮೊದಲಿಂದ. ರಾಕ್ಷಸ ಮಾತಾಡೋ ಥರಾನೇ."

ಸಂತೋಷ್ ತಲೆ ಎತ್ತಿದ: "ಕಾಡು ಇನ್ನೂ ದೂರ ಇದೆ ಅಪ್ಪ."

ಎಲ್ಲರೂ ಕಾರು ಹತ್ತಿದೆವು. ಇಂಪನಾ ಕಿಟಕಿಯ ಗಾಜು ಏರಿಸುತ್ತಿದ್ದಾಳೆ. ಭದ್ರಮ್ಮ ಬ್ಯಾಗಿನಲ್ಲಿ ಹತ್ತಿ ಹುಡುಕುತ್ತಿದ್ದಾಳೆ. ಬರೆಯುವುದು ಆಮೇಲೆ. ಗಂಟಲು ಒಂದಿಷ್ಟು ಸರಿ ಮಾಡಿ—