ಅವ್ವ ಉಪ್ಪು ನೋಡಿದ ದಿನ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ಸ್ವರ್ಗದಲ್ಲಿ ಯಾರಾದರೂ ಸಂತರನ್ನು ಹಿಡಿದು ಓದಿಸಿಕೋ, ಅವರಿಗೇನು ಕೆಲಸವಿದೆ? ಬಿಷಪ್ಪರು ಬಂದು ಹೋದರು. ನೀನು ಸಾಯುವವರೆಗೆ ದಾರಿ ಕಾದೆಯಲ್ಲ, ಅವರೇ. ನೀನು ಮಣ್ಣಾದ ಮೇಲೆ ಬಂದರು. ಯುದ್ಧವಿತ್ತಂತೆ, ಕಾರಿಗೆ ಪೆಟ್ರೋಲ್ ಸಿಗುತ್ತಿರಲಿಲ್ಲವಂತೆ. ಹಾಸನದಿಂದ ನಮ್ಮೂರಿಗೆ ಎತ್ತಿನ ಗಾಡಿ ಇರಲಿಲ್ಲವೇ? ನನಗೆ ಇನ್ನೂ ಮೈ ಉರಿಯುತ್ತಿದೆ.

ನಾನು ಮೊದಲ ಸಲ ನಾಲಿಗೆಯ ಮೇಲೆ ಸತ್ಪ್ರಸಾದದ ರೊಟ್ಟಿ ತೆಗೆದುಕೊಂಡ ದಿನ ನೆನಪಿದೆಯೇ? ಹೊಳೆನರಸೀಪುರದ ಸಂತೆಯಿಂದ ಬಿಳಿ ಬಟ್ಟೆ ತಂದು ನನಗೆ ನೀನೇ ಮುಸುಕು ಹೊಲಿದಿದ್ದೆ. ತಾಯಿ ಮಗಳು ಅಕ್ಕಪಕ್ಕ ಮಂಡಿಯೂರಿ, ಅಂದು ಊರಿಗೆ ಬಂದಿದ್ದ ಬಿಷಪ್ಪರ ಕೈಯಿಂದಲೇ ಪ್ರಸಾದ ತೆಗೆದುಕೊಳ್ಳಬೇಕು ಎಂಬುದೊಂದೇ ನಿನ್ನ ಆಸೆ. ನಡುರಾತ್ರಿಯಿಂದ ಬಾಯಿಗೆ ಒಂದು ತೊಟ್ಟು ನೀರೂ ಹಾಕುವಂತಿಲ್ಲ, ಹಾಕಿದರೆ ಪ್ರಸಾದವಿಲ್ಲ. ನಾನಂತೂ ಬಾಯಿ ಮುಕ್ಕಳಿಸಲೂ ಹೆದರಿದ್ದೆ. ಆದರೆ ಬಿಷಪ್ಪರೂ ಉಪವಾಸವಲ್ಲವೇ? ಪೂಜೆ ಮುಗಿದೊಡನೆ ಅವರಿಗೆ ಹಸಿವಾಗುತ್ತದಲ್ಲ! ಅದಕ್ಕೇ ಕೋಳಿ ಕೂಗುವ ಮೊದಲೇ ಗುಡಿಯ ಹಿಂದಿನ ಒಲೆಯ ಮುಂದೆ ನಿನ್ನನ್ನು ಕೂರಿಸಿದರು.

ನೀನು ಸೌಟಿನಿಂದ ಅಂಗೈಗೆ ಒಂದಿಷ್ಟು ಸಾರು ಬಿಟ್ಟುಕೊಂಡು ನೆಕ್ಕಿದ್ದನ್ನು ನಾನು ಕಂಡೆ. ಜನ್ಮವಿಡೀ ಮಾಡಿದ ಕೆಲಸ, ಕೈ ತಾನಾಗಿ ಮಾಡಿಬಿಟ್ಟಿತು. “ಅಯ್ಯೋ ಮಗಾ, ಉಪ್ ನೋಡ್ಬುಟ್ನಲ್ಲೇ!” ಎಂದು ಹಣೆ ಚಚ್ಚಿಕೊಂಡೆ. ಯಾರಿಗೂ ಹೇಳಬೇಡ ಎಂದು ನಾನೆಂದರೆ, “ದೇವ್ರುಗೆ ಗೊತ್ತಾಗಕಿಲ್ವಾ?” ಎಂದು ನನಗೇ ಗದರಿದೆ. ನೀನೇ ಹೋಗಿ ಗುಡಿಯ ಬಾಗಿಲಲ್ಲೇ ನಮ್ಮೂರ ಪಾದ್ರಿ ಸ್ವಾಮಿಗಳಿಗೆ ಹೇಳಿದೆ. ಪಕ್ಕದಲ್ಲೇ ಬಿಷಪ್ಪರು ನಿಂತಿದ್ದರು, ಜನ ಸಾಲಾಗಿ ಅವರ ಉಂಗುರಕ್ಕೆ ಮುತ್ತಿಡುತ್ತಿದ್ದರು.

“ನಿನಗೆ ಪ್ರಸಾದವಿಲ್ಲ. ಹಿಂದಕ್ಕೆ ಹೋಗು,” ಎಂದರು ಸ್ವಾಮಿಗಳು, ಎಲ್ಲರಿಗೂ ಕೇಳುವ ಹಾಗೆ. ಬಿಷಪ್ಪರು ಹೌದೆಂದು ತಲೆಯಾಡಿಸಿದರು. ಅವರು ಮಾತಾಡಿದ್ದು ಆಮೇಲೆ, ಪೀಠದ ಮುಂದೆ ನಿಂತು: ಯೋಗ್ಯತೆಯಿಲ್ಲದೆ ಪ್ರಸಾದಕ್ಕೆ ನಾಲಿಗೆ ಚಾಚುವವರಿಗೆ ಎಂಥ ಬೆಂಕಿ ಕಾದಿದೆ ಎಂದು. ನನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು. ಪೂಜೆ ಮುಗಿಸಿ ಬಂದು ಬಿಷಪ್ಪರು ನಿನ್ನ ಕೋಳಿಸಾರನ್ನು ಎರಡು ಸಲ ಹಾಕಿಸಿಕೊಂಡರು, ಅದಕ್ಕೆ ಮಾತ್ರ ನಿನ್ನ ಕೈ ಬೇಕಾಗಿತ್ತು.

ಆಮೇಲಿನ ಅಷ್ಟೂ ಹಬ್ಬಗಳಲ್ಲಿ ನೀನು ಕೂತದ್ದು ಕೊನೆಯ ಸಾಲಿನಲ್ಲಿ. ಸ್ವಾಮಿಗಳ ಹತ್ತಿರ ಪಾಪ ಹೇಳಿಕೊಂಡು ಬಾ ಎಂದರೆ ಕೇಳುತ್ತಿರಲಿಲ್ಲ. “ಬಿಸಪ್ಪೋರ್ ಮುಂದೆ ಇಲ್ಲ ಅಂದದ್ನ ಇವ್ರು ಬುಡ್ಸಕಾದದಾ? ಅವ್ರೇ ಬಂದು ಬುಡುಸ್ಬೇಕು ಕಣ್ ಮಗಾ.” ಪ್ರತಿ ಕ್ರಿಸ್ಮಸ್ಸಿಗೂ ಅದೇ ಪ್ರಶ್ನೆ: “ಈ ವರ್ಸನಾದ್ರೂ ಬತ್ತಾರಂತಾ?” ಪ್ರತಿ ಭಾನುವಾರ ಬಂದು ಜಪಸರ ಎಣಿಸುವ ಹೆಂಗಸು ಯಾಕೆ ಮುಂದೆ ಬರುವುದಿಲ್ಲ ಎಂದು ಆ ಸ್ವಾಮಿಗಳಾದರೂ ಒಂದು ಸಲ ಕೇಳಿದರೇ?

ಜ್ವರ ಏರಿ ನಿನಗೆ ಸಾವು ಹತ್ತಿರವಾದಾಗ ಪ್ರಸಾದ ನಮ್ಮ ಮನೆಗೇ ಬಂತು. ಸಾಯುವವರಿಗೆ ಉಪವಾಸವಿಲ್ಲ, ಬಾಯಿ ತೆರೆಯಮ್ಮ ಎಂದು ಸ್ವಾಮಿಗಳು ಎಷ್ಟು ಹೇಳಿದರೂ ನೀನು ತುಟಿ ಬಿಗಿಹಿಡಿದೆ. ಮುಖ ಗೋಡೆಗೆ ತಿರುಗಿಸಿ “ಬಿಸಪ್ಪೋರು ಬರ್ಲಿ,” ಎಂದೆ. ಜ್ವರದಲ್ಲಿ ಏನೋ ಬಡಬಡಿಸುತ್ತಾಳೆ ಎಂದುಕೊಂಡು ಅವರು ಹೊರಟುಹೋದರು. ನಿನಗೆ ಬುದ್ಧಿ ಸ್ಥಿಮಿತದಲ್ಲೇ ಇತ್ತು, ಅದು ನನಗೊಬ್ಬಳಿಗೇ ಗೊತ್ತು. ಆ ತುಟಿ ಇನ್ನೂ ನನ್ನ ಕಣ್ಣಮುಂದೆ…

ನೀನು ಹೋದ ಮೇಲೆ ಸೈನ್ಯಕ್ಕೆ ಸೇರಿದ್ದ ನಿನ್ನ ಮಗ ಜೋಜಪ್ಪ ಬರ್ಮಾದಿಂದ ಬಂದ. ಅವನು ಹೇಳಿದ್ದನ್ನು ಕೇಳು. “ಅಲ್ಲಿ ಬೆಳಿಗ್ಗೆ ಉಂಡಿದ್ರೂ ಸಂಜೀಕೆ ಪ್ರಸಾದ ಕೊಡೋರು ಕಣಕ್ಕಾ. ಯುದ್ಧದೋರ್ಗೆ ರೂಲ್ಸು ಸಡ್ಲ.” ಕೇಳಿದೆಯಾ? ಬಂದೂಕು ಹಿಡಿದವನಿಗೆ ಸಡಿಲ, ಸೌಟು ಹಿಡಿದವಳಿಗೆ ಬಿಗಿ. ಬಗ್ಗುವ ನಿಯಮವನ್ನೇ ಕಲ್ಲು ಎಂದು ನಮಗೆ ಹೇಳಿದವರು ಯಾರು?

ಮೊನ್ನೆ ಸಂಜೆ ಬಂದಿಳಿದ ಬಿಷಪ್ಪರ ಊಟದ ಒಲೆಯ ಮುಂದೆ ನಾನಿದ್ದೆ. ಸಾರಿಗೆ ಉಪ್ಪೇ ಹಾಕಲಿಲ್ಲ. ಒಂದು ತುತ್ತು ಬಾಯಿಗಿಟ್ಟು “ಯಾರು ಮಾಡಿದ್ದು?” ಎಂದರು. ಹೋಗಿ ಎದುರಿಗೆ ನಿಂತೆ. “ನಾನೇ ಸ್ವಾಮಿ, ಮಾರ್ತಾ. ನಮ್ಮವ್ವ ನಿಮ್ ಸಾರಿನ್ ಉಪ್ ನೋಡಿ ಪ್ರಸಾದ ಕಳ್ಕೊಂಡ್ಳು. ಅದ್ಕೇ ನಾ ನೋಡ್ನಿಲ್ಲ,” ಎಂದು ಎಲ್ಲವನ್ನೂ ಹೇಳಿದೆ, ನಿನ್ನ ತುಟಿಯ ತನಕ. ಅವರಿಗೆ ಏನೂ ನೆನಪಿರಲಿಲ್ಲ, ಅವ್ವಾ. ಬೆಪ್ಪಾಗಿ ನನ್ನನ್ನೇ ನೋಡಿದರು. “ಅದು ಪಾಪವೇ ಅಲ್ಲಮ್ಮ. ತಡೆ ಇದ್ದದ್ದು ಆ ಒಂದು ದಿನಕ್ಕೆ. ಮಾರನೆಯ ದಿನ ಬರಬಹುದಿತ್ತಲ್ಲ? ಯಾರೂ ಹೇಳಲಿಲ್ಲವೇ?”

ಯಾರು ಹೇಳಬೇಕಿತ್ತು? ಒಲೆಯೇ? ಕೋಳಿಯೇ? “ಜನರ ಮುಂದೆ ತಡುದ್ರಿ, ನಾಳೆ ಜನರ ಮುಂದೇನೇ ಈ ಮಾತ್ ಹೇಳಿ,” ಎಂದೆ. “ನೋಡೋಣಮ್ಮ,” ಎಂದರು. ತಟ್ಟೆಯಲ್ಲಿದ್ದ ಸಾರನ್ನು ಉಪ್ಪು ಕೇಳದೆ ಪೂರ್ತಿ ಉಂಡರು. ಅದನ್ನು ಕಂಡು ಸ್ವಲ್ಪ ನಂಬಿದೆ. ನಿನ್ನೆ ಪೂಜೆಯಲ್ಲಿ ಮತ್ತೆ ಅದೇ ಬೆಂಕಿಯ ಮಾತು. ನಿನ್ನ ಮಾತಿಲ್ಲ.

ಅವರ ಕಾರು ಹೊರಟ ಮೇಲೆ ಪಾತ್ರೆ ತೊಳೆಯುತ್ತಿದ್ದ ಹೆಂಗಸರಿಗೆಲ್ಲ ನಾನೇ ಹೇಳಿದೆ. ಅರಕಲಗೂಡಿನಿಂದ ಸೊಸೆಯಾಗಿ ಬಂದ ತೆರೇಸಮ್ಮ ತಿಕ್ಕುತ್ತಿದ್ದ ತಪ್ಪಲೆಯನ್ನು ಹಾಗೇ ಬಿಟ್ಟಳು. ಬಸುರಿಯಿದ್ದಾಗ ಬಾಯಾರಿ ನೀರು ಕುಡಿದಳೆಂದು ಅವಳನ್ನೂ ಹಿಂದಕ್ಕೆ ಕಳಿಸಿದ್ದರು. ಆ ಕೂಸು ಈಗ ಸ್ಕೂಲಿಗೆ ಹೋಗುತ್ತಿದೆ, ಇವಳು ಇನ್ನೂ ಕೊನೆಯ ಸಾಲಿನಲ್ಲೇ ಇದ್ದಳು. “ನಿಜ್ವಾ ಮಾರ್ತಾ? ನಾಳೀಕೆ ಓಗ್ಬೋದಾ?” ಎಂದಳು. ಹೋಗಬಹುದು ಎಂದೆ, ಬಿಷಪ್ಪಳ ಹಾಗೆ.

ಇವತ್ತು ಬೆಳಗ್ಗೆ ಅವಳು ನನ್ನ ಪಕ್ಕದಲ್ಲಿ ಮಂಡಿಯೂರಿದಳು, ನಿನ್ನ ಜಾಗದಲ್ಲಿ. ಅವಳು ಬಾಯಿ ತೆರೆದಾಗ ನನಗೆ ಅಳು ತಡೆಯಲಾಗಲಿಲ್ಲ, ಸಿಟ್ಟೂ ಇಳಿಯಲಿಲ್ಲ.

ನಾಳೆ ಬರಬಹುದಿತ್ತಂತೆ, ಅವ್ವಾ. ಬರೀ ನಾಳೆ.

ನಿನ್ನ
ಮಾರ್ತಾ