ಶಾಲು ಬಿಚ್ಚಿಸಿದ ಡಾಕ್ಟರಮ್ಮನಿಗೆ

ನನ್ನ ಅಕ್ಕನ ಮಗಳಾದ ಕಂಪ್ಯೂಟರ್ ಡಾಕ್ಟರಮ್ಮನಿಗೆ ಮಾವನ ಆಶೀರ್ವಾದ.

ನಿನ್ನ ಅಂಗಡಿಯಲ್ಲಿ ಬಿಚ್ಚಿಟ್ಟ, ನಮ್ಮ ಹಳೇ ರೆಕಾರ್ಡಿಂಗುಗಳಿದ್ದ ಕೆಟ್ಟ ಡ್ರೈವನ್ನು ಉಣ್ಣೆ ಶಾಲಿನಿಂದ ಒರೆಸಲು ಹೋದಾಗ, "ಮಾವ, ಶಾಲಿನ ಕರೆಂಟು ಹೊಡೆದ್ರೆ ಅತ್ತೆ ದನಿ ಹೋಗಿಬಿಡುತ್ತೆ! ಶಾಲು ತೆಗೀರಿ, ಮೊದ್ಲು ಕಬ್ಬಿಣ ಮುಟ್ಟಿ, ಮೈಯಲ್ಲಿರೋ ಕರೆಂಟು ಇಳೀಲಿ" ಎಂದು ಗದರಿದೆಯಲ್ಲ, ಅದರಿಂದಲೇ ಎಲ್ಲ ಉಳಿಯಿತು. ಇಲ್ಲಿ ಮಾತ್ರ ರಿಪೇರಿ ಮಾಡಿದ್ದು ನಾನೇ ಎಂದಿದ್ದೇನೆ, ಬಾಯಿ ಬಿಡಬೇಡ.

ಗಂಟಲಿನ ಆಪರೇಷನ್ನಿನಲ್ಲಿ ಮಾತು ಕಳೆದುಕೊಂಡ ನಿಮ್ಮತ್ತೆಗೆ ನಿನ್ನೆ ಆ ಹಳೇ ರೆಕಾರ್ಡಿಂಗ್ ಕೇಳಿಸಿದೆ. ನನ್ನ ಅಮೋಘ ಗಾಯನದ ನಡುವೆ ಅವಳದೇ ದನಿ: "ಸಾಕು ನಿಲ್ಸ್ರೀ, ಹಾಲು ಒಡೀತು!" ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಸದ್ದಿಲ್ಲದೆ.

ಇನ್ನೊಂದು ಪ್ರತಿ ಮಾಡಿಡು. ಜಾಗ ಸಾಲದಿದ್ದರೆ ನನ್ನ ಹಾಡು ಅಳಿಸು, ಅವಳ ಬೈಗುಳ ಇರಲಿ.

ಇತಿ,
ಈಗ ಹೆಂಡತಿಯ ಕೈ ಹಿಡಿಯುವ ಮೊದಲೂ ಕಿಟಕಿಯ ಸರಳು ಮುಟ್ಟುವ
ನಿನ್ನ ಮಾವ