ಅರ್ಧ ಲೋಟದ ಹಟ

ರೆಕ್ಕೆಮನೆ, ಚಿತ್ರದುರ್ಗದ ಗಾಳಿಕಣ
ಫೆಬ್ರವರಿ ೩೦, ೨೧೯೪

ಸರ್ವಮಂಗಳಜ್ಜಿಗೆ ನಿಮ್ಮ ಏಳನೆಯ ತಲೆಮಾರಿನ ಬೋರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ಪಾಳಿಗಳ ಲೆಕ್ಕ ಸರಿಹೋಗಲೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಕತ್ತರಿಸಿ, ಅಂಟಿಸಿ, ಮೂವತ್ತು ದಿನಕ್ಕೆ ಸಮ ಮಾಡಿದರು. ವರ್ಷದ ಕೊನೆಯಲ್ಲಿ ಐದು ದಿನ ಉಳಿಯುತ್ತವೆ. ಅವಕ್ಕೆ ಹೆಸರಿಲ್ಲ, ತಿಂಗಳಿಲ್ಲ, ಕೆಲಸ ಮಾತ್ರ ಇದೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ದನಿಯಿಂದಲೇ. ‘ಕಡತ’ ಎಂದರೇನೆಂದು ತಿಳಿಯುವುದಕ್ಕೇ ಹದಿನೈದು ದಿನ ಹಿಡಿಯಿತು. ಅದು ಮುಚ್ಚಬಹುದಾದ ಯಾವುದೋ ವಸ್ತು ಎಂದಷ್ಟೇ ಮೊದಲು ಗೊತ್ತಿದ್ದದ್ದು. ಇನ್ನೊಂದು ಮುಜುಗರವೂ ಇದೆ. ಆ ದನಿಯಲ್ಲಿ ನಿಮಗೆ ಮೂವತ್ತನಾಲ್ಕು, ನನಗೀಗ ಐವತ್ತೆರಡು. ನನಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆಯುವಾಗ ನಗು ಬರುತ್ತದೆ, ಆದರೂ ಸಂಬಂಧ ಸಂಬಂಧವೇ.

ನಾಳೆ ನನ್ನ ವಿಚಾರಣೆ ಇದೆ. ಒಂದು ಕಾಗದಕ್ಕೆ ಸಹಿ ಹಾಕಿದರೆ ಇಲ್ಲೇ ನಮ್ಮವರ ನಡುವೆ ಉಳಿಯುತ್ತೇನೆ. ಹಾಕದಿದ್ದರೆ ಮೂರು ವರ್ಷ ಒಂಟಿಗೋಪುರಕ್ಕೆ ಕಳಿಸುತ್ತಾರೆ. ಗುಡ್ಡದ ತುದಿಯಲ್ಲಿ ಗಾಳಿಯ ವೇಗ ನೋಡುತ್ತ ಒಬ್ಬರೇ ಕೂರುವ ಜಾಗ ಅದು. ಮಾತಾಡುವುದಕ್ಕೆ ಗೋಡೆ ಬಿಟ್ಟರೆ ಯಾರೂ ಇಲ್ಲ. ಇದಕ್ಕೆಲ್ಲ ಕಾರಣ ನೀವು. ಬೈಯುವುದಕ್ಕೆಂದು ಈ ಪತ್ರ ಬರೆಯುತ್ತಿಲ್ಲ. ಸ್ವಲ್ಪ ಬೈಯುತ್ತೇನೆ, ಅದು ಆಮೇಲೆ.

ಮೊದಲು ನಮ್ಮ ದಿನ ಹೇಗಿರುತ್ತದೆಂದು ಹೇಳಬೇಕು. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳಿವೆ, ಅದಕ್ಕೇ ಈ ಸೀಮೆಗೆ ಗಾಳಿಕಣ ಎಂದು ಹೆಸರು. ಬಿಸಿಲು, ಧೂಳಿಗೆ ಆ ಯಂತ್ರಗಳ ರೆಕ್ಕೆಗಳು ಬಿರುಕು ಬಿಡುತ್ತವೆ. ಅವನ್ನು ಇಳಿಸಿ ತಂದು, ಬಿರುಕು ಕೆರೆದು, ಅಂಟು ತುಂಬಿ, ಉಜ್ಜಿ ನುಣುಪು ಮಾಡುವ ಉದ್ದನೆಯ ಶೆಡ್ಡೇ ರೆಕ್ಕೆಮನೆ. ಇಲ್ಲಿ ನಾವು ನಲವತ್ತೆರಡು ಜನ. ಕೆಲಸ ನಡೆಯುವ ಕ್ರಮಕ್ಕೆ ‘ಹರಿವು’ ಎನ್ನುತ್ತಾರೆ, ಅಂದರೆ ಎಲ್ಲೂ ನಿಲ್ಲಬಾರದು. ಕಿವಿಯಲ್ಲಿ ಒಂದು ಮಣಿ ಇರುತ್ತದೆ. ಮುಂದೆ ಯಾವ ಕೈಯನ್ನು ಎಲ್ಲಿಡಬೇಕೆಂದು ಅದು ಹೇಳುತ್ತಲೇ ಇರುತ್ತದೆ. ಹೆಗಲ ಚೀಲದಿಂದ ಒಂದು ನಳಿಕೆ ಬಾಯಿಯ ಹತ್ತಿರ ಬರುತ್ತದೆ, ಹೀರಿದರೆ ಅದೇ ಊಟ. ಅದರ ಹೆಸರು ಗುಟುಕು. ಅದಕ್ಕೆ ಹುಳಿಯಿಲ್ಲ, ಖಾರವಿಲ್ಲ, ಅದನ್ನು ನುಂಗುವಾಗ ಕೈ ನಿಲ್ಲಿಸಬೇಕಾದ ಅಗತ್ಯವೂ ಇಲ್ಲ. ಬೆಳಿಗ್ಗೆ ಏಳಕ್ಕೆ ಕೆರೆಯುವ ಉಳಿ ಹಿಡಿದರೆ ಸಂಜೆ ಏಳಕ್ಕೆ ಕೆಳಗಿಡುವುದು.

ಮನಸ್ಸಿನ ಸುಖಕ್ಕೂ ಏರ್ಪಾಡು ಮಾಡಿದ್ದಾರೆ, ಇಲ್ಲವೆನ್ನುವಂತಿಲ್ಲ. ಹತ್ತು ದಿನಕ್ಕೊಮ್ಮೆ ನೆನಪಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಯಂತ್ರ ಮೂಡಿಸುವ ಒಬ್ಬ ಅಜ್ಜಿ ಬಂದು ಮೂರು ನಿಮಿಷ ತಲೆ ನೇವರಿಸುತ್ತಾಳೆ, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ, ‘ಊಟ ಆಯ್ತಾ ಕಂದಾ’ ಎಂದು ಕೇಳುತ್ತಾಳೆ. ನಲವತ್ತೆರಡು ಜನಕ್ಕೂ ಅವಳೊಬ್ಬಳೇ ಅಜ್ಜಿ. ನನ್ನ ಸ್ವಂತ ಅಜ್ಜಿ ಯಾರ ತಲೆಯನ್ನೂ ನೇವರಿಸಿದವಳಲ್ಲ; ಕೈಗೆ ಸಿಕ್ಕರೆ ತೊಡೆ ಜಿಗುಟುತ್ತಿದ್ದಳು. ನನಗೆ ಬೇಕಾಗಿರುವುದು ಆ ಜಿಗುಟು. ಹಿಂದೆ ಯಾರೋ ಒಬ್ಬರು ಅಜ್ಜಿಯನ್ನು ನೋಡಿಕೊಂಡು ಬರಲು ರಜೆ ಕೇಳಿದ್ದರಂತೆ. ಹೋಗಿಬಂದವರು ಚುರುಕಾಗಿ ಕೆಲಸ ಮಾಡುತ್ತಾರೆಂದು ಬರೆದುಕೊಟ್ಟು ಒಪ್ಪಿಗೆ ಪಡೆದರಂತೆ. ಚುರುಕಾಗಲು ಎಷ್ಟು ಅಜ್ಜಿ ಸಾಕೆಂದು ಮೇಲಿನವರು ಅಳೆದು ನೋಡಿದರು. ಮೂರು ನಿಮಿಷ ಸಾಕಾಯಿತು.

ಇಲ್ಲಿ ಹಳೇ ದನಿ ಭಂಡಾರ ಎಂಬುದೊಂದಿದೆ. ನೀವೆಲ್ಲ ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ ಚೂರುಪಾರು ಮಾತುಗಳನ್ನು ಕೂಡಿಟ್ಟ ಜಾಗ. ಮನೆತನದ ಗುರುತು ಕೊಟ್ಟರೆ ಅವರವರ ಹಿರಿಯರ ದನಿಯನ್ನು ಕೇಳಿಸುತ್ತಾರೆ. ಹೋದ ವರ್ಷ ನಾನು ಕೇಳಿದಾಗ ಸಿಕ್ಕಿದ್ದು ನೀವು. ಹಿರಿಯೂರಿನ ಯಾವುದೋ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನೀವು ಇನ್ನೊಂದು ಕೋಣೆಯಲ್ಲಿದ್ದ ಗೆಳತಿ ವನಜಾಕ್ಷಿಗೆ ಕಳಿಸಿದ ಇನ್ನೂರ ಹದಿನಾಲ್ಕು ಸಂದೇಶಗಳು. ಏನೋ ದೊಡ್ಡ ರಹಸ್ಯ ಇರಬೇಕೆಂದು ಉಸಿರು ಬಿಗಿಹಿಡಿದು ಕೇಳಿದರೆ, ಅವತ್ತು ಕೇಳಿದಷ್ಟರಲ್ಲಿ ಒಂದೊಂದರಲ್ಲೂ ಅದೇ ಮಾತು: ‘ಕಡತ ಮುಚ್ಚಿ ಬಾರೆ ವನಜಾ, ನಾಕು ಗಂಟೆ ಆಯ್ತು, ಬೈಟೂ ಹೇಳಿದೀನಿ. ಐದೇ ನಿಮಿಷ.’ ಒಂದು ದಿನ ನೆಗಡಿಯ ದನಿ, ಇನ್ನೊಂದು ದಿನ ಸಾಹೇಬರಿಂದ ಬೈಸಿಕೊಂಡ ದನಿ, ಮತ್ತೊಂದು ದಿನ ನಗು ತಡೆಯಲಾರದ ದನಿ. ನಾನು ಕೂತು ಅತ್ತೆ. ನೆನಪಿನ ಕೋಣೆಯಲ್ಲಿ ಒಂದು ದಿನವೂ ಅಳು ಬಂದಿರಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಉಳಿ ಕೆಳಗಿಟ್ಟು ಕಿವಿಮಣಿ ತೆಗೆದೆ. ನನ್ನ ಪಕ್ಕದ ರೆಕ್ಕೆಯಲ್ಲಿ ಕೆಲಸ ಮಾಡುವ ಪಾಲಯ್ಯ, ಅರವತ್ತರ ಹತ್ತಿರದ ಮನುಷ್ಯ, ನನಗೆ ಮೈ ಸರಿಯಿಲ್ಲವೆಂದು ತಿಳಿದು ಓಡಿಬಂದ, ನಿಮ್ಮ ದನಿಯ ಕತೆ ಕೇಳಿ ಅವನೂ ಪಕ್ಕದಲ್ಲಿ ಕೂತ. ಚಹಾದ ಸೊಪ್ಪು ನಮ್ಮ ಕಾಲಕ್ಕೆ ಎಲ್ಲೂ ಬೆಳೆಯುವುದಿಲ್ಲ. ಗುಡ್ಡದ ಬುಡದಲ್ಲಿ ತಂಗಡಿ ಹೂವು ಬೇಕಾದಷ್ಟಿದೆ, ಅದನ್ನೇ ಒಣಗಿಸಿಟ್ಟುಕೊಂಡು ಅಂಟು ಕಾಯಿಸುವ ಒಲೆಯ ಮೇಲೆ ಬೆಲ್ಲ ಹಾಕಿ ಕುದಿಸಿದೆವು. ಅಂಟು ತುಂಬಿದ ಮೇಲೆ ದೀಪದ ಕಾವಿನಲ್ಲಿ ಎರಡೇ ನಿಮಿಷಕ್ಕೆ ಅದನ್ನು ಆರಿಸುವುದು ಹರಿವಿನ ಕ್ರಮ. ನಾವು ದೀಪ ನಂದಿಸಿ, ಬಾಗಿಲು ತೆರೆದು ಗಾಳಿಗೆ ಬಿಟ್ಟೆವು. ಗಾಳಿಗೆ ಆರಲು ಹದಿನೆಂಟು ನಿಮಿಷ ಬೇಕು. ಎರಡು ತಿಂಗಳಲ್ಲಿ ನಲವತ್ತೆರಡು ಜನವೂ ಬಾಗಿಲ ಬಳಿ ಕೂರುವಂತಾಯಿತು.

ಬೈಟೂ ಎಂದರೆ ಒಂದನ್ನು ಎರಡು ಲೋಟಕ್ಕೆ ಹಂಚುವುದೆಂದು ಭಂಡಾರದ ಪದಕೋಶ ಹೇಳಿತು. ಏಕೆಂದು ಹೇಳಲಿಲ್ಲ; ಕೇಳಿ ಬರೆದು ಕಳಿಸಿದೆವು. ನಾವು ನಮಗೆ ತಿಳಿದಂತೆ ಅರ್ಥ ಮಾಡಿಕೊಂಡೆವು: ಹಿರಿಯರು ಒಬ್ಬರೇ ಕುಡಿಯುತ್ತಿರಲಿಲ್ಲ, ಅದು ಅವರ ವ್ರತ, ಇನ್ನೊಬ್ಬರು ಅರ್ಧ ತೆಗೆದುಕೊಳ್ಳದೆ ತನ್ನ ಅರ್ಧವನ್ನು ಮುಟ್ಟಬಾರದು. ಅದನ್ನೇ ಕಟ್ಟುನಿಟ್ಟಾಗಿ ಪಾಲಿಸಿದೆವು. ಒಂದು ದಿನ ಚೌಡಪ್ಪ ಜ್ವರವೆಂದು ಬರಲಿಲ್ಲ. ಅವನ ಜೊತೆಗಾತಿ ರಜಿಯಾಬಿ ಅರ್ಧರ್ಧ ತುಂಬಿದ ಎರಡು ಲೋಟ ಹಿಡಿದು ಪೆಚ್ಚಾಗಿ ನಿಂತಳು. ಅಷ್ಟರಲ್ಲಿ ನಮ್ಮ ಮೇಲ್ವಿಚಾರಕ ನಿರ್ವಾಣಪ್ಪ ಮುಖ ಗಂಟಿಕ್ಕಿಕೊಂಡು ಬಂದರು. ರಜಿಯಾಬಿ ಹಿಂದೆಮುಂದೆ ನೋಡದೆ, ‘ನಿಮ್ಮ ಬೈಗುಳ ಆಮ್ಯಾಕೆ ಇರ್ಲಿ ಸಾರ್, ಮೊದ್ಲು ಇದನ್ನ ಕುಡೀರಿ, ನನ್ನದು ಆರೋಗ್ತೈತೆ’ ಎಂದು ಒಂದು ಲೋಟವನ್ನು ಅವರ ಕೈಗಿಟ್ಟಳು. ಅವರು ಕುಡಿದರು. ‘ಬೆಲ್ಲ ಒಂಚೂರು ಜಾಸ್ತಿ ಆಯ್ತು’ ಎಂದಷ್ಟೇ ಹೇಳಿ ಹೋದರು. ಮುಂದಿನ ಮೂರು ತಿಂಗಳು ಮೇಲಿನವರಿಗೆ ಸುದ್ದಿ ಮುಟ್ಟದಂತೆ ಅವರೇ ಮುಚ್ಚಿಟ್ಟರು.

ಆ ಹದಿನೆಂಟು ನಿಮಿಷದಲ್ಲಿ ಏನು ನಡೆಯುತ್ತದೆ ಎಂದು ವಿಚಾರಣೆಯವರು ಕೇಳಿದ್ದಾರೆ. ಏನೂ ನಡೆಯುವುದಿಲ್ಲ. ಬೆರಳಿಗೆ ಮೆತ್ತಿದ ಅಂಟು ಒಣಗಿರುತ್ತದೆ, ಅದನ್ನು ಒಂದೇ ಹಾಳೆಯಾಗಿ ಹರಿಯದಂತೆ ಕೀಳಲು ನೋಡುತ್ತೇವೆ. ಬೆವೆತ ಕತ್ತಿಗೆ ಗಾಳಿ ತಾಗುತ್ತದೆ. ಪಾಲಯ್ಯ ತನ್ನ ಮೇಕೆಯ ಚಾಡಿ ಹೇಳುತ್ತಾನೆ. ರಜಿಯಾಬಿಗೆ ಅವಳ ತಾಯಿ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದ ಹಾಡಿನ ಎರಡು ಸಾಲು ಮಾತ್ರ ನೆನಪಿದೆ, ಮೂರನೆಯದಕ್ಕೆ ದಿನವೂ ತಡಕುತ್ತಾಳೆ, ನಾವೆಲ್ಲ ಸೇರಿ ತಪ್ಪುತಪ್ಪಾಗಿ ಕಟ್ಟಿಕೊಡುತ್ತೇವೆ. ಒಂದು ದಿನ ನಾನು ಅಜ್ಜಿಯ ಜಿಗುಟಿನ ಕತೆ ಹೇಳಿದೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಅಜ್ಜಿಯರನ್ನು ಕರೆತಂದರು. ಒಬ್ಬಳು ಬಾಯಿಬಡುಕಿ, ಒಬ್ಬಳು ಉಪ್ಪಿನಕಾಯಿ ಕದಿಯುವವಳು, ಒಬ್ಬಳು ಮೂವರು ಗಂಡಂದಿರನ್ನು ಬಿಟ್ಟವಳು. ನಾನು ಇಪ್ಪತ್ತೆಂಟು ವರ್ಷ ಇವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದೆ, ಇವರ್ಯಾರನ್ನೂ ಅಲ್ಲಿಯವರೆಗೆ ಕಂಡಿರಲಿಲ್ಲ. ಅಜ್ಜಿ, ನಾನು ಸಂತೋಷವಾಗಿದ್ದೆ.

ಬೈಟೂ ವ್ರತವಲ್ಲವೆಂದು ಆಮೇಲೆ ಭಂಡಾರದಿಂದ ಉತ್ತರ ಬಂತು. ಪೂರ್ತಿ ಲೋಟ ಹೆಚ್ಚಾಗುತ್ತದೆಂದು, ಇನ್ನೊಂದು ಸಲ ಕುಡಿಯುವ ನೆಪ ಉಳಿಯಲೆಂದು ಜನ ಹಂಚಿಕೊಳ್ಳುತ್ತಿದ್ದರಂತೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೂ ವ್ರತವನ್ನು ಬಿಡಲಿಲ್ಲ. ತಪ್ಪೇ ಇರಲಿ, ಅದು ನಾವೇ ಮಾಡಿದ ತಪ್ಪು. ಕಿವಿಮಣಿ ಹೇಳಿಕೊಟ್ಟದ್ದಲ್ಲ.

ಈಗ ಬೈಗುಳದ ಸರದಿ. ನಿಮ್ಮ ಕೊನೆಯ ಸಂದೇಶಗಳನ್ನು ನಾನು ತಡವಾಗಿ ಕೇಳಿದೆ. ಇನ್ನೂರನೆಯದರಿಂದ ಮಾತು ಬದಲಾಗುತ್ತದೆ. ‘ಇವತ್ತಾಗಲ್ಲ ಕಣೆ ವನಜಾ, ಕೆಲಸ ಐತೆ.’ ‘ನಾಳೆ ಗ್ಯಾರಂಟಿ.’ ‘ಇಲ್ಲೇ ಮೇಜಿಗೇ ತರಿಸ್ಕಂಡೆ, ನೀನೂ ತರಿಸ್ಕ.’ ಆಮೇಲೆ ಏನೂ ಇಲ್ಲ. ನಮ್ಮ ವಿರಾಮವನ್ನು ಯಾವನೋ ದುಷ್ಟ ಕಿತ್ತುಕೊಂಡನೆಂದೇ ನಾನು ನಂಬಿದ್ದೆ. ವಿರಾಮ ರದ್ದುಮಾಡಿದ ಹಳೆಯ ಆದೇಶವನ್ನು ಹುಡುಕಿಸಿ ಓದಿದೆ. ಅದರಲ್ಲಿ ಒಂದೇ ಸಾಲು: ‘ನೌಕರರು ಬಹುಕಾಲದಿಂದ ತಾವಾಗಿಯೇ ಬಳಸದೆ ಬಿಟ್ಟಿರುವ ಕಾರಣ.’ ನೀವು ಯಾರಿಗೂ ಸೋಲಲಿಲ್ಲ ಅಜ್ಜಿ, ಯಾರೂ ಕೇಳದಿದ್ದರೂ ಬಿಟ್ಟುಕೊಟ್ಟಿರಿ. ಒಂದೊಂದು ‘ಇವತ್ತಾಗಲ್ಲ’ವೂ ನಮ್ಮ ತಲೆಯ ಮೇಲೆ ಬಂದು ಕೂತಿದೆ.

ಕೊನೆಗೆ ಮೇಲಿನವರಿಗೆ ಗೊತ್ತಾಯಿತು. ನಿರ್ವಾಣಪ್ಪನವರೇ ನನಗಾಗಿ ಓಡಾಡಿ ಒಂದು ದಾರಿ ಹುಡುಕಿದ್ದಾರೆ, ಅವರ ಉಪಕಾರ ಮರೆಯುವಂತಿಲ್ಲ. ಗಾಳಿಗೆ ಆರಿದ ಅಂಟು ದೀಪಕ್ಕೆ ಆರಿದ್ದಕ್ಕಿಂತ ಗಟ್ಟಿಯಂತೆ. ‘ರೆಕ್ಕೆ ಗಟ್ಟಿಯಾಗಲೆಂದೇ ಕೆಲಸ ನಿಲ್ಲಿಸಿದೆವು, ಅದರಿಂದ ನಮ್ಮ ಚುರುಕೂ ಹೆಚ್ಚಿದೆ’ ಎಂದು ಬರೆದ ಕಾಗದಕ್ಕೆ ನಾನು ಸಹಿ ಹಾಕಿದರೆ ಬೈಟೂವನ್ನು ಹರಿವಿನ ಕ್ರಮಕ್ಕೇ ಸೇರಿಸುತ್ತಾರಂತೆ. ರೆಕ್ಕೆ ಗಟ್ಟಿಯಾಗಿರುವುದು ನಿಜ. ಆದರೆ ನಾವು ಎದ್ದದ್ದು ಅದಕ್ಕಲ್ಲ. ಸಹಿ ಹಾಕಿದ ಮರುವರ್ಷ ಚುರುಕಿಗೆ ಎಷ್ಟು ಗುಟುಕು ಬೈಟೂ ಸಾಕೆಂದು ಅಳೆಯುತ್ತಾರೆ. ಕಿವಿಮಣಿಯೇ ‘ಈಗ ನಗಿ’ ಎನ್ನುತ್ತದೆ. ಕೋಣೆಯ ಅಜ್ಜಿಯ ಪಕ್ಕದಲ್ಲಿ ಒಬ್ಬ ಪಾಲಯ್ಯನನ್ನೂ ಕೂರಿಸುತ್ತಾರೆ, ಮೇಕೆ ಸಮೇತ.

ನನಗೆ ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಒಂಟಿಗೋಪುರದಲ್ಲಿ ನನ್ನ ಅರ್ಧ ತೆಗೆದುಕೊಳ್ಳಲು ಯಾರೂ ಇರುವುದಿಲ್ಲ. ಅದನ್ನೇ ನಿನ್ನೆ ಪಾಲಯ್ಯನ ಹತ್ತಿರ ಹೇಳಿಕೊಂಡೆ. ಅವನು ಬೆರಳಿನ ಅಂಟು ಕೀಳುತ್ತಲೇ, ‘ಸಹಿ ಗಿಹಿ ಹಾಕ್ಬ್ಯಾಡ ಬೋರಕ್ಕ. ಕುಡಿಯಾಕೆ ಕಾರಣ ಬೇಕಾ? ನಾಕು ಗಂಟೆಗೆ ನೀನಲ್ಲಿ ಕೂತ್ಕ, ನಾನಿಲ್ಲಿ ಕೂತ್ಕಂತೀನಿ. ಇಬ್ರದ್ದೂ ಅರ್ಧಾನೇ ಅಲ್ವಾ’ ಎಂದ. ಉಳಿದ ನಲವತ್ತು ಜನರಲ್ಲಿ ಯಾರೂ ಎದ್ದು ಕೆಲಸಕ್ಕೆ ಹೋಗಲಿಲ್ಲ, ಅಂಟು ಆರಿ ಹತ್ತು ನಿಮಿಷ ಕಳೆದಿತ್ತು.

ಈ ಪತ್ರವನ್ನು ಭಂಡಾರದಲ್ಲಿ ನಿಮ್ಮ ದನಿಯ ಪಕ್ಕದಲ್ಲೇ ಇಡಲು ಕೊಡುತ್ತಿದ್ದೇನೆ. ಹಿಂದಕ್ಕೆ ಹೇಗೆ ತಲುಪುತ್ತದೋ ತಿಳಿಯದು. ತಲುಪಿದರೆ, ಇನ್ನೂರನೆಯ ಸಂದೇಶಕ್ಕೆ ಮೊದಲು ತಲುಪಲಿ. ಕೆಲಸ ಇರುತ್ತದೆ ಅಜ್ಜಿ, ಯಾವತ್ತೂ ಇರುತ್ತದೆ, ನೂರಾ ಎಪ್ಪತ್ತು ವರ್ಷ ಆದಮೇಲೂ ಅದು ಮುಗಿದಿಲ್ಲ, ನಾನು ನೋಡಿ ಹೇಳುತ್ತಿದ್ದೇನೆ. ಮೇಜಿಗೆ ತರಿಸಿಕೊಳ್ಳಬೇಡಿ. ಯಾರಾದರೂ ಏಕೆ ಎದ್ದಿರಿ ಎಂದು ಕೇಳಿದರೆ ತಲೆನೋವು ಎನ್ನಬೇಡಿ, ಆಮೇಲೆ ಚೆನ್ನಾಗಿ ಕೆಲಸ ಮಾಡುತ್ತೇನೆ ಎನ್ನಬೇಡಿ. ಎದ್ದೆ ಎಂದಷ್ಟೇ ಹೇಳಿ. ವನಜಾಕ್ಷಿಯವರಿಗೂ ನನ್ನ ನಮಸ್ಕಾರ ತಿಳಿಸಿ.

ವಿಚಾರಣೆಯನ್ನು ಅವರು ನಾಳೆ ನಾಲ್ಕು ಗಂಟೆಗೇ ಇಟ್ಟಿದ್ದಾರೆ, ಬೇಕೆಂದೇ ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ನನಗೆ ಪುರುಸೊತ್ತಿಲ್ಲ, ನಾಲ್ಕೂ ಇಪ್ಪತ್ತಕ್ಕೆ ಬರುತ್ತೇನೆ ಎಂದು ಉತ್ತರ ಬರೆದು ಕಳಿಸಿದ್ದೇನೆ.

ಇತಿ ನಿಮ್ಮ,
ಬೋರಮ್ಮ